ಹೋಶ್‌ರುಬಾ: ಒಡೆಯಲೆಂದೇ ಕಟ್ಟಿದ ಮಾಯೆ

ಉರ್ದು ಸಾಹಿತ್ಯವೆಂದರೆ ಗಝಲು, ಕವ್ವಾಲಿ, ಇಲ್ಲವೆ ಧಾರ್ಮಿಕ ಗ್ರಂಥ ಎಂಬ ಕಲ್ಪನೆ ಕನ್ನಡದ ಓದುಗರಲ್ಲಿ ಬೇರೂರಿದೆ. ಮುಸ್ಲಿಮರ ಮನೆಗಳಲ್ಲೂ ಈ ಕಲ್ಪನೆ ಕಡಿಮೆಯೇನಿಲ್ಲ. ಎಂಟು ಸಾವಿರಕ್ಕೂ ಹೆಚ್ಚು ಪುಟಗಳ ಒಂದು ಮಾಯಾಕಥೆ ಉರ್ದುವಿನಲ್ಲಿದೆ, ಒಂದು ಕಾಲಕ್ಕೆ ಉತ್ತರ ಹಿಂದುಸ್ತಾನದ ಹಿಂದೂ ಮುಸ್ಲಿಮರಿಬ್ಬರೂ ಅದಕ್ಕೆ ಮರುಳಾಗಿದ್ದರು ಎಂದರೆ ಈಗಿನ ಕಾಲೇಜು ಹುಡುಗರು ನಂಬುವುದಿಲ್ಲ. ಮಾಂತ್ರಿಕರ ಕಥೆ ಬೇಕೆಂದರೆ ಅವರಿಗೆ ಇಂಗ್ಲಿಷಿನ ಸರಣಿಗಳಿವೆ, ಸಿನಿಮಾಗಳಿವೆ. ಅವುಗಳ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅಂಥದೊಂದು ಲೋಕ ಪಕ್ಕದ ಭಾಷೆಯಲ್ಲೇ ಇದ್ದು, ನಾವೇ ಅದರ ಬಾಗಿಲಿಗೆ ಬೀಗ ಹಾಕಿಕೊಂಡಿದ್ದೇವೆ ಎಂಬುದು ಯೋಚಿಸಬೇಕಾದ ಸಂಗತಿ.

ಆ ಕಥೆಯ ಹೆಸರು 'ತಿಲಿಸ್ಮೆ ಹೋಶ್‌ರುಬಾ'. ತಿಲಿಸ್ಮ್ ಎಂದರೆ ಮಂತ್ರಶಕ್ತಿಯಿಂದ ಕಟ್ಟಿದ ಲೋಕ. ಹೋಶ್‌ರುಬಾ ಎಂದರೆ ಎಚ್ಚರವನ್ನೇ ಕದಿಯುವಂಥದು. ಇದು 'ದಾಸ್ತಾನೆ ಅಮೀರ್ ಹಂಝಾ' ಎಂಬ ಬೃಹತ್ ಕಥಾಮಾಲೆಯ ಒಂದು ಭಾಗ. ಲಖನೌದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ ಈ ಮಾಲೆಯನ್ನು ಒಟ್ಟು 46 ಸಂಪುಟಗಳಲ್ಲಿ ಹೊರತಂದಿತು. ಅವುಗಳಲ್ಲಿ ಹೋಶ್‌ರುಬಾದ ಏಳು ಸಂಪುಟಗಳು 1883ರಿಂದ 1893ರ ನಡುವೆ ಬಂದವು. ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಅಹ್ಮದ್ ಹುಸೇನ್ ಕಮರ್. ಫಾರಸಿಯಿಂದ ಅನುವಾದಿಸಿದ್ದೇವೆ ಎಂದು ಇಬ್ಬರೂ ಹೇಳಿಕೊಂಡರು. ಅಂಥ ಫಾರಸಿ ಮೂಲ ಮಾತ್ರ ಯಾರಿಗೂ ಸಿಕ್ಕಿಲ್ಲ. ಲಖನೌದ ದಾಸ್ತಾನ್‌ಗೋಗಳು, ಅಂದರೆ ಕಥೆ ಹೇಳುವುದನ್ನೇ ಕಸುಬಾಗಿಸಿಕೊಂಡವರು, ಇದನ್ನು ಬಾಯಲ್ಲೇ ಬೆಳೆಸಿದರು, ಅವರಲ್ಲಿ ಮೀರ್ ಅಹ್ಮದ್ ಅಲಿಯ ಪಾಲು ದೊಡ್ಡದು ಎಂಬುದು ವಿದ್ವಾಂಸರ ಮತ.

ನಾವು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತು, ಆಮೇಲೆ ಕನ್ನಡ ಹೈಸ್ಕೂಲಿಗೆ ಬಂದವರು. ಹೋಶ್‌ರುಬಾ ನಮಗೆ ಮೊದಲು ಸಿಕ್ಕಿದ್ದು ಮಕ್ಕಳಿಗಾಗಿ ಕತ್ತರಿಸಿ ಮಾಡಿದ ತೆಳು ಪುಸ್ತಕಗಳಲ್ಲಿ. ಪಟ್ನಾದ ಖುದಾಬಖ್ಷ್ ಗ್ರಂಥಾಲಯ 1988ರಲ್ಲಿ ಹಳೆಯ ಸಂಪುಟಗಳನ್ನು ಇದ್ದ ಹಾಗೆಯೇ ಮರುಮುದ್ರಿಸಿತ್ತು. ಕಾಲೇಜಿನ ದಿನಗಳಲ್ಲಿ ಅವು ಕೈಗೆ ಬಂದವು. ಹಳೆಯ ಕಲ್ಲಚ್ಚಿನ ಒತ್ತಾದ ಅಕ್ಷರ, ವಿರಾಮಚಿಹ್ನೆಗಳಿಲ್ಲ, ಪ್ಯಾರಾಗಳಿಲ್ಲ. ಆಗಿನ ಓದು ಒಂದು ಓಟ: ಮುಂದೇನು, ಮುಂದೇನು ಎಂಬುದೊಂದೇ ಆತುರ. ಕಳೆದ ಒಂದು ವರ್ಷದಲ್ಲಿ ಆ ಸಂಪುಟಗಳನ್ನು ಮತ್ತೆ ತೆಗೆದು, ದಿನಕ್ಕೆ ಇಪ್ಪತ್ತು ಮೂವತ್ತು ಪುಟದಂತೆ ಓದಿದೆವು. ನಾವೂ ನಾಲ್ಕಾರು ಕಥೆ ಬರೆದವರಾದ್ದರಿಂದ ಈ ಸಲ ಕಥೆಯ ಜೊತೆಗೆ ಕಥೆಗಾರನ ಕೈಯೂ ಕಾಣಿಸುತ್ತಿತ್ತು.

ಕಥೆಯ ಎಳೆ ಸರಳವಾಗಿದೆ. ಅಮೀರ್ ಹಂಝಾ ತನ್ನನ್ನೇ ದೇವರೆಂದು ಸಾರಿಕೊಂಡ ಲಕಾ ಎಂಬ ದೈತ್ಯಾಕಾರದ ಅರಸನನ್ನು ಬೆನ್ನಟ್ಟಿ ಹೊರಟಿದ್ದಾನೆ. ದಾರಿಯಲ್ಲಿ ಹಂಝಾನ ಮಗ ಬದೀಉಝ್ಝಮಾನ್ ಬೇಟೆಯ ಜಿಂಕೆಯೊಂದರ ಹಿಂದೆ ಓಡಿ, ಅರಿವಿಲ್ಲದೆ ಹೋಶ್‌ರುಬಾದ ಗಡಿ ದಾಟಿ ಸೆರೆಯಾಗುತ್ತಾನೆ. ಮಾಯಾಜಿಂಕೆಯ ಹಿಂದೆ ಹೋದವರ ಪಾಡು ರಾಮಾಯಣ ಕೇಳಿದ ನಮ್ಮ ನಾಡಿನವರಿಗೆ ಹೊಸದೇನಲ್ಲ. ಅವನನ್ನು ಬಿಡಿಸಲು ಹಂಝಾನ ಮೊಮ್ಮಗ ಅಸದ್ ಹೊರಡುತ್ತಾನೆ. ಅವನ ಬೆನ್ನಿಗೆ ಅಮ್ರೋ ಮತ್ತು ಅವನ ಸಂಗಡಿಗ ಅಯ್ಯಾರರು. ಅತ್ತ ಹೋಶ್‌ರುಬಾವನ್ನು ಆಳುವವನು ಮಾಂತ್ರಿಕರ ಚಕ್ರವರ್ತಿ ಅಫ್ರಾಸಿಯಾಬ್. ಅವನ ರಾಜ್ಯದಲ್ಲಿ ಮೂರು ವಲಯಗಳಿವೆ: ಕಣ್ಣಿಗೆ ಕಾಣುವ ಝಾಹಿರ್, ಮರೆಯಲ್ಲಿರುವ ಬಾತಿನ್, ಕತ್ತಲೆಯ ಝುಲ್ಮಾತ್. ಝಾಹಿರ್ ಮತ್ತು ಬಾತಿನ್ ನಡುವೆ ನೆತ್ತರಿನ ನದಿಯೊಂದು ಹರಿಯುತ್ತದೆ.

ಈ ಕಥೆಯಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ತಿಲಿಸ್ಮ್ ಎಂಬ ಕಲ್ಪನೆಯೇ. ತಿಲಿಸ್ಮ್ ಕಟ್ಟುವಾಗಲೇ ಅದನ್ನು ಒಡೆಯುವ ಕ್ರಮವನ್ನೂ ನಿಗದಿ ಮಾಡಿರುತ್ತಾರೆ. ಆ ಕ್ರಮ ಬರೆದ ಒಂದು ಫಲಕ ಎಲ್ಲೋ ಅಡಗಿರುತ್ತದೆ. ಅದನ್ನು ಲೌಹ್ ಎನ್ನುತ್ತಾರೆ. ಒಡೆಯುವವನು ಯಾರೆಂಬುದೂ ಮೊದಲೇ ನಿಶ್ಚಯವಾಗಿರುತ್ತದೆ. ಒಳಗಿನ ಪ್ರಜೆಗಳಿಗೆ ಇದು ಮಾಯೆ ಎನಿಸುವುದಿಲ್ಲ. ಅಲ್ಲಿ ಅಂಗಡಿ ಬೀದಿಗಳಿವೆ, ತೋಟಗಳಿವೆ, ಹಬ್ಬಗಳಿವೆ. ಅವರಿಗೆ ಅದೇ ಜಗತ್ತು. ಅಫ್ರಾಸಿಯಾಬನಿಗೆ ಮಾತ್ರ ಗೊತ್ತು ತನ್ನ ರಾಜ್ಯಕ್ಕೆ ಕೊನೆಯಿದೆ ಎಂದು. ಅವನೂ ಹುಟ್ಟಾ ಅರಸನಲ್ಲ. ಲಾಚೀನ್ ಎಂಬ ಹಿಂದಿನ ದೊರೆಯನ್ನು ಸೆರೆಗೆ ತಳ್ಳಿ ಗದ್ದುಗೆ ಹಿಡಿದವನು. ನಡೆಯುತ್ತಿರುವುದನ್ನೆಲ್ಲ ತಿಳಿಸುವ 'ಸಾಮಿರಿಯ ಗ್ರಂಥ' ಅವನ ಬಳಿ ಇದೆ. ಗ್ರಂಥ ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ತೆರೆದು ನೋಡಬೇಕೆಂಬುದು ಅವನಿಗೆ ಬಹಳ ಸಲ ತಡವಾಗಿ ಹೊಳೆಯುತ್ತದೆ. ಎದುರಿಗೆ ಕುಳಿತು ಹಾಡಿ ರಂಜಿಸಿದವಳು ಗಾಯಕಿಯಲ್ಲ, ವೇಷ ಹಾಕಿದ ಅಯ್ಯಾರ ಎಂದು ತಿಳಿಯುವ ಹೊತ್ತಿಗೆ ಇವನ ಸರದಾರನ ತಲೆ ಉರುಳಿರುತ್ತದೆ.

ಅಧಿಕಾರದ ಬಗ್ಗೆ ಇದಕ್ಕಿಂತ ಸೂಕ್ಷ್ಮವಾದ ರೂಪಕ ನಮ್ಮ ಓದಿನಲ್ಲಿ ಹೆಚ್ಚು ಸಿಕ್ಕಿಲ್ಲ. ಎಲ್ಲ ತಿಳಿಸುವ ಗ್ರಂಥ ಕೈಯಲ್ಲಿದ್ದೂ ಕುರುಡನಾಗಿರುವ ಅರಸ. ತನ್ನ ಕೊನೆಯನ್ನು ತನ್ನ ಅಡಿಪಾಯದಲ್ಲೇ ಹೂತುಕೊಂಡಿರುವ ರಾಜ್ಯ. ಕೊನೆ ನಿಶ್ಚಿತವೆಂದು ಗೊತ್ತಿದ್ದರೂ ಅಫ್ರಾಸಿಯಾಬ್ ಕೈಚೆಲ್ಲಿ ಕೂರುವುದಿಲ್ಲ. ಸಾವಿರಾರು ಪುಟ ಹೋರಾಡುತ್ತಾನೆ. ಮರುಓದಿನಲ್ಲಿ ಅವನ ಮೇಲೆ ಒಂದು ಬಗೆಯ ಕನಿಕರ ಹುಟ್ಟಿದ್ದೂ ನಿಜ.

ಇನ್ನು ಅಯ್ಯಾರರು. ದಾಸ್ತಾನಿಗೆ ನಾಲ್ಕು ಅಂಗಗಳೆಂದು ಹಿಂದಿನವರು ಹೇಳುತ್ತಿದ್ದರು: ಯುದ್ಧ, ಮೆಹಫಿಲು, ತಿಲಿಸ್ಮ್ ಮತ್ತು ಅಯ್ಯಾರಿ. ಅಯ್ಯಾರಿ ಎಂದರೆ ವೇಷ, ಉಪಾಯ, ಕೈಚಳಕ. ಅಮ್ರೋ ಇವರ ಗುರು. ಅವನಲ್ಲೊಂದು ಝಂಬೀಲ್ ಇದೆ. ಜಗತ್ತನ್ನೇ ತುಂಬಿದರೂ ತುಂಬದ ಚೀಲ. ಮೈಮೇಲೆ ಹೊದ್ದರೆ ಕಾಣದಂತಾಗುವ ಕಂಬಳಿಯಿದೆ. ಇವೆಲ್ಲ ಪ್ರವಾದಿಗಳಿಂದ ಬಂದ ಕಾಣಿಕೆಗಳು. ಇಷ್ಟೆಲ್ಲ ಇದ್ದೂ ಅವನು ಕಡು ಜಿಪುಣ. ಮೂರ್ಛೆ ತಪ್ಪಿಸುವ ಪುಡಿ ತಿನ್ನಿಸಿ ಸಭೆಯನ್ನೆಲ್ಲ ಕೆಡವಿದ ಮೇಲೆ ಒಡವೆ ದೋಚುತ್ತಾನೆ, ಬಟ್ಟೆ ಬಿಚ್ಚುತ್ತಾನೆ, ಹಾಸಿದ ಜಮಖಾನೆಯನ್ನೂ ಸುತ್ತಿ ಝಂಬೀಲಿಗೆ ಹಾಕುತ್ತಾನೆ. ಆಮೇಲೆ ತನ್ನವರ ಮುಂದೆ ಬಡತನದ ಗೋಳು ತೋಡಿಕೊಳ್ಳುತ್ತಾನೆ.

ಕಥೆಯ ಅಧಿಕೃತ ನಾಯಕ ಅಸದ್. ತಿಲಿಸ್ಮ್ ಒಡೆಯುವವನು ಅವನೇ. ಆದರೆ ಅವನು ಮೊದಲ ಸಂಪುಟದಲ್ಲೇ ಪ್ರೇಮದಲ್ಲಿ ಬಿದ್ದು, ಬಹುಕಾಲ ಸೆರೆಯಲ್ಲಿರುತ್ತಾನೆ. ಯುದ್ಧದ ಭಾರ ಹೊರುವವರು ಬೇರೆ. ಹಂಝಾನ ಕಡೆಯ ವೀರರಿಗೆ ಮಂತ್ರವಿದ್ಯೆ ನಿಷಿದ್ಧ. ಹಾಗಿದ್ದರೆ ಮಂತ್ರವಾದಿಗಳನ್ನು ಗೆಲ್ಲುವುದು ಹೇಗೆ? ಬುದ್ಧಿಯಿಂದ, ಬಣ್ಣದಿಂದ, ನಗುವಿನಿಂದ. ಶಕ್ತಿಯಿಲ್ಲದವನು ಶಕ್ತಿವಂತನನ್ನು ಎದುರಿಸುವ ಈ ಬಗೆಯನ್ನು 1857ರ ಸೋಲಿನ ನಂತರದ ಲಖನೌದ ಜನ ಯಾಕೆ ಅಷ್ಟು ಸವಿದರು ಎಂದು ಊಹಿಸುವುದು ಕಷ್ಟವಲ್ಲ. ಅಮ್ರೋನ ಶಿಷ್ಯರಲ್ಲಿ ಒಬ್ಬನ ಹೆಸರು ಬರ್ಕ್ ಫಿರಂಗಿ, ಮಿಂಚಿನಂಥ ಫಿರಂಗಿಯವನು. ಆಳುವ ಜನಾಂಗದವನೊಬ್ಬನನ್ನು ಅಮ್ರೋಗೆ ಶಿಷ್ಯನನ್ನಾಗಿ ಮಾಡಿಟ್ಟ ದಾಸ್ತಾನ್‌ಗೋನ ತುಂಟತನಕ್ಕೆ ಸಲಾಂ ಹೇಳಬೇಕು.

ಯುದ್ಧದ ಇನ್ನರ್ಧ ಭಾರ ಹೆಂಗಸರ ಮೇಲಿದೆ. ಅಸದ್‌ನನ್ನು ಪ್ರೀತಿಸುವ ಮಹಜಬೀನ್ ಅಫ್ರಾಸಿಯಾಬನ ಮನೆತನದವಳೇ. ಅವಳ ಅಜ್ಜಿ ಮಹರುಖ್ ದೊಡ್ಡ ಮಾಂತ್ರಿಕಳು. ಮೊಮ್ಮಗಳ ಕಡೆ ನಿಂತು ಚಕ್ರವರ್ತಿಯ ವಿರುದ್ಧ ಬಂಡೇಳುತ್ತಾಳೆ. ರಾಣಿ ಹೈರತ್‌ಳ ತಂಗಿ ಬಹಾರ್ ಕೂಡ ಇತ್ತ ಬರುತ್ತಾಳೆ. ಬಹಾರ್‌ಳ ಮಂತ್ರಕ್ಕೆ ಕತ್ತಿಯಿಲ್ಲ, ಬೆಂಕಿಯಿಲ್ಲ. ಅವಳು ಹೂಗೊಂಚಲೊಂದನ್ನು ಎಸೆದರೆ ರಣರಂಗದಲ್ಲಿ ವಸಂತ ಇಳಿಯುತ್ತದೆ. ಶತ್ರುಸೈನಿಕರು ಪ್ರೇಮದಲ್ಲಿ ಹುಚ್ಚರಾಗಿ ಶಾಯರಿ ಹೇಳುತ್ತಾ ಅವಳ ಹಿಂದೆ ನಡೆಯುತ್ತಾರೆ.

ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಅಮ್ಮಿ, ಖಾಲಾ, ಓಣಿಯ ಇಬ್ಬರು ಮೂವರು ಹೆಂಗಸರು ಬೀಡಿ ಸುತ್ತುತ್ತಿದ್ದರು. ರಜೆಯಲ್ಲಿ ನಾವು ಗಟ್ಟಿಯಾಗಿ ಓದುತ್ತಿದ್ದೆವು. ಅವರು ಮೊರದ ಮೇಲಿನ ಕಣ್ಣು ತೆಗೆಯದೆ ಕೇಳುತ್ತಿದ್ದರು. ಲಖನೌದ ಅಲಂಕಾರದ ಉರ್ದು ಅವರ ದಖನಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅಂಥಲ್ಲಿ ನಿಲ್ಲಿಸಿ ಮನೆಮಾತಿನಲ್ಲಿ ಬಿಡಿಸಿ ಹೇಳಬೇಕಿತ್ತು. ಅಮ್ರೋನ ಜಿಪುಣತನ ಬಂದಾಗ ಓಣಿಯ ಯಾರೋ ಒಬ್ಬರ ಹೆಸರು ಹಿಡಿದು ನಗುತ್ತಿದ್ದರು. ಖಾಲಾಗೆ ಮಾತ್ರ ಬಹಾರ್ ಮೇಲೆಯೇ ಜೀವ. "ಬಹಾರ್ ಕಬ್ ಆತೀ ರೇ?" ಎಂದು ದಿನಾ ಕೇಳುವರು. ಈ ಸಲ ಓದುವಾಗ ಆ ಪ್ರಶ್ನೆಯ ಭಾರ ತಿಳಿಯಿತು. ಸಾವಿರ ಬೀಡಿ ಲೆಕ್ಕ ಒಪ್ಪಿಸಬೇಕಾದ ಹೆಂಗಸಿಗೆ, ಅರಮನೆ ಬಿಟ್ಟು ತನ್ನ ಮನಸ್ಸಿಗೆ ಬಂದ ಪಕ್ಷ ಸೇರಿದ ಮತ್ತೊಬ್ಬ ಹೆಂಗಸು ಬೇಕಾಗಿದ್ದಳು. ನಿರ್ಣಯ ತೆಗೆದುಕೊಳ್ಳುವ, ಸೈನ್ಯ ನಡೆಸುವ, ಗಂಡಸರಿಗೆ ಎದುರು ಮಾತಾಡುವ ಇಷ್ಟು ಹೆಂಗಸರು ಅದೇ ಕಾಲದ ಉರ್ದು ಸುಧಾರಣಾವಾದಿ ಕಾದಂಬರಿಗಳಲ್ಲಿ ಸಿಗುವುದಿಲ್ಲ. ಅಲ್ಲಿ ಒಳ್ಳೆಯ ಹೆಣ್ಣೆಂದರೆ ಮನೆ ತೂಗಿಸುವವಳು.

ಈ ಪುಸ್ತಕದ ಬಗ್ಗೆ ಕಸಿವಿಸಿಯಾಗುವ ಸಂಗತಿಗಳೂ ಇವೆ. ಅವನ್ನು ಮುಚ್ಚಿಟ್ಟು ಹೊಗಳುವುದು ವಿಮರ್ಶೆಯಾಗದು. ಮೊದಲನೆಯದು, ಇದು ತನ್ನನ್ನು ಇಸ್ಲಾಮ್ ಮತ್ತು ಕುಫ್ರ್‌ಗಳ ನಡುವಿನ ಯುದ್ಧವೆಂದು ಕರೆದುಕೊಳ್ಳುತ್ತದೆ. ಸೋತವನಿಗೆ ಧರ್ಮ ಒಪ್ಪಿಕೋ, ಇಲ್ಲವೆ ಪ್ರಾಣ ಬಿಡು ಎನ್ನುವ ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ. ಧರ್ಮದ ವಿಷಯದಲ್ಲಿ ಬಲಾತ್ಕಾರವಿಲ್ಲ ಎಂದು ಕುರ್‌ಆನ್ ಕಲಿಸಿದ್ದನ್ನು ನಂಬುವ ನಮಗೆ ಇದು ಸರಿಯೆನಿಸುವುದಿಲ್ಲ. ಇತಿಹಾಸದ ಹಝ್ರತ್ ಹಂಝಾ(ರ) ಪ್ರವಾದಿವರ್ಯರ(ಸ) ಚಿಕ್ಕಪ್ಪ, ಕ್ರಿ.ಶ. 625ರಲ್ಲಿ ಉಹುದ್ ಯುದ್ಧದಲ್ಲಿ ಹುತಾತ್ಮರಾದವರು. ದಾಸ್ತಾನಿನ ಹಂಝಾ ಆ ಹೆಸರನ್ನು ಹೊತ್ತ ಕಲ್ಪನೆಯ ವೀರ. ಇಬ್ಬರನ್ನೂ ಬೆರೆಸಿ ನೋಡಿದರೆ ಇಬ್ಬರಿಗೂ ಅನ್ಯಾಯ.

ಆದರೆ ಕಥೆ ಹೇಳುವ ಸುಖ ಆ ಘೋಷಣೆಯನ್ನು ಎಲ್ಲೆಲ್ಲಿ ಸಡಿಲಿಸಿದೆ ಎಂಬುದನ್ನೂ ಗಮನಿಸಬೇಕು. ಹೋಶ್‌ರುಬಾದ ಮಾಂತ್ರಿಕರು ಪೂಜಿಸುವುದು ಸಾಮಿರಿ ಮತ್ತು ಜಮ್‌ಶೇದರನ್ನು. ಸಾಮಿರಿ ಕುರ್‌ಆನಿನಲ್ಲಿ ಬರುವ, ಚಿನ್ನದ ಕರುವನ್ನು ಮಾಡಿದವನು. ಜಮ್‌ಶೇದ್ ಇರಾನಿನ ಪುರಾಣದ ಅರಸ. ಅಕ್ಕಪಕ್ಕದಲ್ಲಿ ಬದುಕುತ್ತಿದ್ದ ಜನರ ದೇವರನ್ನು ಶತ್ರುವಿನ ಗದ್ದುಗೆಯ ಮೇಲೆ ಕೂರಿಸಲಿಲ್ಲ. ಇಸ್ಲಾಮಿನ ಪಾಳೆಯ ಎಂದು ಕರೆಸಿಕೊಳ್ಳುವ ಸೇನೆಯಲ್ಲಿ ಮಹರುಖ್, ಬಹಾರರಂಥ ಮಾಂತ್ರಿಕರೇ ಮುಂದಾಳುಗಳು. ಅವರು ಮಂತ್ರದಿಂದಲೇ ಹೋರಾಡುತ್ತಾರೆ. ಈ ಕಡೆ ಆ ಕಡೆ ಎಂಬ ಗೆರೆಯನ್ನು ಜೋರಾಗಿ ಎಳೆದ ಕಥೆಗಾರ, ಅದನ್ನು ದಾಟಿ ಬರುವವರ ಮೇಲೆಯೇ ತನ್ನ ಪ್ರೀತಿಯನ್ನೆಲ್ಲ ಸುರಿದಿದ್ದಾನೆ.

ಇನ್ನೊಂದು ಸಂಗತಿ ಮೊದಲ ಓದಿನಲ್ಲಿ ಬರೀ ರೋಮಾಂಚನ ತಂದಿತ್ತು. ಮಾಂತ್ರಿಕನೊಬ್ಬ ಸತ್ತಾಗ ಬಿರುಗಾಳಿ ಏಳುತ್ತದೆ, ಕತ್ತಲೆ ಕವಿಯುತ್ತದೆ. ಆ ಕತ್ತಲಲ್ಲಿ ಒಂದು ದನಿ ಅವನ ಹೆಸರನ್ನು ಕೂಗಿ, ನನ್ನನ್ನು ಕೊಂದರು ಎಂದು ಸಾರುತ್ತದೆ. ಅವನು ಒಂದೇ ಪುಟದ ಹಿಂದೆ ಕಥೆಯೊಳಗೆ ಬಂದವನಾದರೂ ಸರಿ, ಹೆಸರಿಲ್ಲದೆ ಸಾಯುವುದಿಲ್ಲ. ಈಗ ಓದುವಾಗ ನಾವು ಪ್ರತಿ ಸಲ ಅಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದೆವು. ಗಲಭೆ, ಬಾಂಬು, ಯುದ್ಧಗಳ ಸುದ್ದಿಯಲ್ಲಿ ಸತ್ತವರು ಅಂಕಿಯಾಗಿ ಬಂದು ಅಂಕಿಯಾಗಿ ಹೋಗುತ್ತಾರೆ. ಶತ್ರುವಿಗೂ ಸಾವಿನ ಹೊತ್ತಿಗೆ ತನ್ನ ಹೆಸರು ಕೂಗಿಸಿಕೊಳ್ಳುವ ಹಕ್ಕು ಕೊಟ್ಟ ಕಥೆಯಿದು.

ಇನ್ನು ಲಕಾ. ಈ ಸ್ವಯಂಘೋಷಿತ ದೇವರು ಪ್ರತಿ ಸೋಲಿನ ನಂತರವೂ ಹೇಳುವುದು ಒಂದೇ: ಹೀಗಾಗಲೆಂದು ನಾನೇ ಹಣೆಬರಹ ಬರೆದಿದ್ದೆ. ಓಡಿಹೋಗುವಾಗಲೂ ಅದೇ ಮಾತು. ಅವನ ಪಕ್ಕದಲ್ಲೇ ಇರುವ ಬಖ್ತಿಯಾರಕ್ ಅವನನ್ನು ಮುಖದೆದುರೇ ಗೇಲಿ ಮಾಡುತ್ತಾನೆ. ಭಕ್ತರು ಮಾತ್ರ ತಲೆದೂಗುತ್ತಾರೆ. ಇದಕ್ಕೆ ಟಿಪ್ಪಣಿ ಬೇಕಿಲ್ಲ. ಯಾವ ದೇಶದ, ಯಾವ ಪಕ್ಷದ ಓದುಗನೂ ತನಗೆ ಗೊತ್ತಿರುವ ಮುಖವೊಂದನ್ನು ಅಲ್ಲಿ ಕಾಣಬಲ್ಲ.

ಈ ಕಥೆಯನ್ನು ಬರೆಸಿ ಅಚ್ಚುಮಾಡಿದವರು ಯಾರು ಎಂಬುದೂ ಮುಖ್ಯ. 1858ರಲ್ಲಿ ಲಖನೌದಲ್ಲಿ ಮುದ್ರಣಾಲಯ ತೆರೆದ ನವಲ್ ಕಿಶೋರ್ ಹಿಂದೂ. ಕುರ್‌ಆನನ್ನೂ ಅಚ್ಚುಹಾಕಿದರು, ಹಿಂದೂ ಧರ್ಮಗ್ರಂಥಗಳನ್ನೂ ಅಚ್ಚುಹಾಕಿದರು. ದಾಸ್ತಾನ್‌ಗೋಗಳಿಂದ ಬರೆಸಿ ಹೋಶ್‌ರುಬಾವನ್ನು ಕಾಗದಕ್ಕಿಳಿಸಿದ್ದೂ ಅವರೇ. ಬಾಲ್ಯದಲ್ಲಿ ಇದನ್ನು ಓದಿ ಮೈಮರೆತವರಲ್ಲಿ ಪ್ರೇಮಚಂದ್ ಒಬ್ಬರು. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' ಬಂದದ್ದು ಇದೇ ತಿಲಿಸ್ಮ್ ಮತ್ತು ಅಯ್ಯಾರಿಯ ಬುನಾದಿಯ ಮೇಲೆ. ಒಂದು ಭಾಷೆಗೆ ಒಂದು ಧರ್ಮವನ್ನು ಗಂಟುಹಾಕುವವರು ಈ ಇತಿಹಾಸವನ್ನು ಎಲ್ಲಿಡುತ್ತಾರೆ?

ಹಾಗಿದ್ದೂ ಈ ಪರಂಪರೆ ಮರೆಯಾದದ್ದೇಕೆ? ಹೊರಗಿನವರನ್ನಷ್ಟೇ ದೂರಿದರೆ ಸಾಲದು. 1857ರ ನಂತರ ನಮ್ಮ ಸುಧಾರಕರಿಗೆ ದಾಸ್ತಾನು ಸೋಮಾರಿಗಳ ಚಟವಾಗಿ ಕಂಡಿತು. 1870ರ ದಶಕದಲ್ಲಿ ಬಂದ ನಝೀರ್ ಅಹ್ಮದರ 'ತೌಬತುನ್ನಸೂಹ್' ಕಾದಂಬರಿಯಲ್ಲಿ ತಂದೆ ತನ್ನ ಮಗನ ಪುಸ್ತಕಭಂಡಾರಕ್ಕೆ ಬೆಂಕಿ ಕೊಡುತ್ತಾನೆ. ಕಾದಂಬರಿಕಾರರ ಒಲವು ತಂದೆಯ ಕಡೆಗಿದೆ. ಮಂತ್ರತಂತ್ರ ಹರಾಮ್, ಆದ್ದರಿಂದ ಅದರ ಕಥೆಯೂ ಹರಾಮ್ ಎನ್ನುವವರನ್ನು ಈಗಲೂ ಕಾಣುತ್ತೇವೆ. ದಿಲ್ಲಿಯ ಕೊನೆಯ ದೊಡ್ಡ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ ಕೊನೆಗಾಲದಲ್ಲಿ ಅಡಿಕೆ ಮಾರಿ ಬದುಕಿ, 1928ರಲ್ಲಿ ತೀರಿಕೊಂಡರು. ಆಮೇಲೆ ಈ ಸಂಪುಟಗಳನ್ನು ಒಂದೊಂದಾಗಿ ಹುಡುಕಿ, 46ನ್ನೂ ಓದಿ, ಇವನ್ನು ಕಾದಂಬರಿಯ ಅಳತೆಗೋಲಿನಿಂದ ಅಳೆಯಬೇಡಿ, ಇದು ಕೇಳುವ ಕಲೆ ಎಂದು ವಾದಿಸಿದವರು ಶಮ್ಸುರ್ರಹ್ಮಾನ್ ಫಾರೂಕಿ. 2020ರಲ್ಲಿ ತೀರಿಕೊಂಡ ಈ ವಿಮರ್ಶಕರ ಬೆಂಬಲದಿಂದಲೇ ಮಹಮೂದ್ ಫಾರೂಕಿ 2005ರಲ್ಲಿ ದಾಸ್ತಾನ್‌ಗೋಯಿಯನ್ನು ಮತ್ತೆ ವೇದಿಕೆಗೆ ತಂದರು.

ಕೇಳುವ ಕಲೆ ಎಂಬ ಮಾತು ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. ಕಥೆಯನ್ನು ಒಂದೇ ಕಡೆ ತಡೆದು ನಿಲ್ಲಿಸಿ, ವರ್ಣನೆಯಿಂದಲೇ ರಾತ್ರಿಗಳನ್ನು ಕಳೆಯುವುದು ದಾಸ್ತಾನ್‌ಗೋನ ಹೆಚ್ಚುಗಾರಿಕೆಯಾಗಿತ್ತು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಒಂದು ಪದ್ಯದ ಮೇಲೆ ಗಂಟೆಗಟ್ಟಲೆ ವಾದ ಹೂಡುವುದಿಲ್ಲವೆ? ಅದ್ಭುತ ಕಥೆಗಳಿಗೆ ನಮ್ಮ ನೆಲದ ಉರ್ದುವೂ ಹೊರತಲ್ಲ. ಬಿಜಾಪುರದ ರಾಣಿ ಖದೀಜಾ ಸುಲ್ತಾನಳ ಇಚ್ಛೆಯಂತೆ ರುಸ್ತಮಿ 1649ರಲ್ಲಿ 'ಖಾವರ್‌ನಾಮಾ'ವನ್ನು ದಖನಿಯಲ್ಲಿ ಬರೆದನು. 1657ರಲ್ಲಿ ನುಸ್ರತಿಯ 'ಗುಲ್ಶನೆ ಇಶ್ಕ್' ಬಂತು. ಅದರ ನಾಯಕ ಮನೋಹರ, ನಾಯಕಿ ಮಧುಮಾಲತಿ. ಲಖನೌಗಿಂತ ಇನ್ನೂರು ವರ್ಷ ಮೊದಲೇ ನಮ್ಮ ಬಿಜಾಪುರ ಈ ದಾರಿಯಲ್ಲಿ ನಡೆದಿತ್ತು.

ಹೋಶ್‌ರುಬಾದಲ್ಲಿ ಬೇಸರ ತರುವ ಭಾಗಗಳಿಗೆ ಕೊರತೆಯಿಲ್ಲ. ಒಂದೇ ಬಗೆಯ ಉಪಾಯ ಹತ್ತಾರು ಸಲ ಮರಳುತ್ತದೆ. ಚೆಲುವೆಯರ ವರ್ಣನೆ ಒಂದೇ ಅಚ್ಚಿನಲ್ಲಿ ಎರಕವಾದಂತಿದೆ. ಮುದಿ ಮಾಂತ್ರಿಕಳ ಕುರೂಪವನ್ನು, ಕಪ್ಪು ಮೈಬಣ್ಣವನ್ನು ನಗೆಗೆ ವಸ್ತುವಾಗಿಸುವುದು ಇಂದು ಹಿಡಿಸುವುದಿಲ್ಲ. ಜಾಹ್‌ರ ಗದ್ಯಕ್ಕಿರುವ ಹದ ಕಮರ್‌ರ ಸಂಪುಟಗಳಲ್ಲಿ ತಪ್ಪುತ್ತದೆ. ಅಲ್ಲಿ ಘಟನೆಗಳು ಹೆಚ್ಚು, ಉಸಿರು ಕಡಿಮೆ. ಓದುವವನು ಪುಟ ಹಾರಿಸಿದರೆ ತಪ್ಪೇನಿಲ್ಲ. ಕೇಳುಗರೂ ನಡುವೆ ತೂಕಡಿಸಿ ಮತ್ತೆ ಎಚ್ಚರಾಗುತ್ತಿದ್ದಿರಬೇಕು.

2009ರಲ್ಲಿ ಮುಶರ್ರಫ್ ಅಲಿ ಫಾರೂಕಿ ಮೊದಲ ಸಂಪುಟವನ್ನು ಇಂಗ್ಲಿಷಿಗೆ ತಂದರು. ಅದೇ ವರ್ಷ ಶಹನಾಝ್ ಐಜಾಝುದ್ದೀನರ ಸಂಕ್ಷಿಪ್ತ ಅನುವಾದವೂ ಬಂತು. ಕನ್ನಡಕ್ಕೆ ಇಂಗ್ಲಿಷಿನ ದಾರಿ ಬೇಕಾಗಿಲ್ಲ. ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನಮ್ಮಂಥ ಒಂದು ಪೀಳಿಗೆ ಇನ್ನೂ ಇದೆ. ನಮ್ಮ ಮಕ್ಕಳು ಹೆಚ್ಚಿನವರು ಉರ್ದು ಲಿಪಿ ಓದಲಾರರು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷು. ಇನ್ನು ಇಪ್ಪತ್ತು ವರ್ಷ ಕಳೆದರೆ ನೇರವಾಗಿ ಅನುವಾದಿಸಬಲ್ಲವರನ್ನು ಹುಡುಕಬೇಕಾದೀತು. ಏಳು ಸಂಪುಟ ಬೇಡ; ಜಾಹ್‌ರ ಮೊದಲ ಸಂಪುಟ ಸಾಕು. ಅದಕ್ಕೆ ಗ್ರಾಂಥಿಕ ಕನ್ನಡ ಒಗ್ಗದು. ಬೀಡಿ ಸುತ್ತುವ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದರೆ ಕೈ ನಿಲ್ಲದೆ ಕೇಳುವಂಥ ಕನ್ನಡ ಬೇಕು. ನಾವು ಮೊದಲ ನಲವತ್ತು ಪುಟಗಳನ್ನು ತಂದು ನೋಡಿದ್ದೇವೆ. ಬದೀಉಝ್ಝಮಾನ್ ಈಗಷ್ಟೇ ಜಿಂಕೆಯ ಹಿಂದೆ ಗಡಿ ದಾಟಿದ್ದಾನೆ. ಮುಂದಿನದನ್ನು ಜೊತೆಗೂಡಿ ಮಾಡಲು ಬರುವವರಿದ್ದರೆ ಈ ಕೆಲಸ ಆಗಿಯೇ ಆಗುತ್ತದೆ.